ಕಣ್ಣು ಎಲ್ಲಿದೆ ನೋಡಿ: ತುಂಡಿನಿಂದ ಸಸಿ ಮಾಡುವ ಬಗೆ

ಕಬ್ಬಿನ ತುಂಡು ಹೂತರೆ ಕಬ್ಬು ಬರುತ್ತದೆ. ಮಲ್ಲಿಗೆ ಕಡ್ಡಿ ಚುಚ್ಚಿದರೆ ಮಲ್ಲಿಗೆ ಬರುತ್ತದೆ. ತೆಂಗಿನ ಗರಿ ಹೂತರೆ ಗೊಬ್ಬರ ಆಗುತ್ತದೆ, ಅಷ್ಟೆ. ಯಾಕೆ ಹೀಗೆ? ಅಪ್ಪನ ಜೊತೆ ಸಸಿ ಒಯ್ಯಲು ಬರುವ ಹೈಸ್ಕೂಲ್ ಮಕ್ಕಳು ಇದನ್ನು ಕೇಳುತ್ತಿರುತ್ತಾರೆ. ಅವರ ಪುಸ್ತಕದಲ್ಲಿ ಅಂಗಾಂಶ ಒಂದು ಪಾಠ, ಕಾಯಜ ಸಂತಾನೋತ್ಪತ್ತಿ, ಅಂದರೆ ಬೀಜ ಇಲ್ಲದೆ ಗಿಡದ ತುಂಡಿನಿಂದಲೇ ಗಿಡ ಆಗುವುದು, ಇನ್ನೊಂದು ಪಾಠ. ಸ್ಟೆಮ್ ಸೆಲ್ ಅಂದರೆ ಪೇಪರಿನಲ್ಲಿ ಬರುವ ದೊಡ್ಡ ಆಸ್ಪತ್ರೆಯ ಸುದ್ದಿ. ಮೂರನ್ನೂ ಒಟ್ಟಿಗೆ ತೋರಿಸಬೇಕು ಅಂದರೆ ಒಂದು ಕಬ್ಬಿನ ಗಿಣ್ಣು ಸಾಕು.

ನಮ್ಮದು ಪಾಂಡವಪುರದ ಹತ್ತಿರ, ನಾಲೆ ಪಕ್ಕದಲ್ಲೊಂದು ಸಸಿಮನೆ. ಮುಖ್ಯ ವ್ಯಾಪಾರ ಒಂಟಿ ಕಣ್ಣಿನ ಕಬ್ಬಿನ ಸಸಿ. ಕಣ್ಣು ಅಂದರೆ ಗಿಣ್ಣಿನಲ್ಲಿ ಕೂತಿರುವ, ಮುಂದೆ ಚಿಗುರಾಗುವ ಮೊಗ್ಗು. ಜೊತೆಗೆ ಸ್ವಲ್ಪ ಮಲ್ಲಿಗೆ, ಸ್ವಲ್ಪ ಬಾಳೆ. ನಾನು ಮೈಸೂರಿನಲ್ಲಿ ಬಿಎಸ್ಸಿ ಓದಿ ಇಲ್ಲಿಗೆ ಸೊಸೆಯಾಗಿ ಬಂದವಳು. ಕೈಗೆ ಮಚ್ಚು ಕೊಟ್ಟು ಕೆಲಸ ಕಲಿಸಿದವರು ನಮ್ಮತ್ತೆ. ಹಾಗಾಗಿ ಕೆಳಗಿರುವುದರಲ್ಲಿ ಅರ್ಧ ಕಾಲೇಜಿನದ್ದು, ಅರ್ಧ ಅವರದ್ದು.

ಮೊದಲು ಕೇಳಬೇಕಾದ ಪ್ರಶ್ನೆ

ಯಾವ ಗಿಡವನ್ನಾದರೂ ತುಂಡಿನಿಂದ ಮಾಡುವ ಮುಂಚೆ ಇದೊಂದನ್ನು ಕೇಳಿಕೊಳ್ಳಿ: ಈ ತುಂಡಿನಲ್ಲಿ ಇನ್ನೂ ಕೆಲಸ ಹಿಡಿಯದ ಕೋಶ ಎಲ್ಲಿದೆ?

ಬೀಜದಿಂದ ಹುಟ್ಟಿದ ಗಿಡವಾಗಲಿ ನಾವಾಗಲಿ, ಶುರುವಾಗುವುದು ಒಂದೇ ಕೋಶದಿಂದ. ಅದು ಎರಡಾಗಿ, ನಾಲ್ಕಾಗಿ ಒಡೆಯುತ್ತಾ ಹೋಗುತ್ತದೆ. ಹಾಗೆ ಹೋಗುತ್ತಾ ಒಂದೊಂದು ಗುಂಪು ಒಂದೊಂದು ಕೆಲಸ ಹಿಡಿಯುತ್ತದೆ. ಕಬ್ಬಿನಲ್ಲಿ ನೀರು ಸಾಗಿಸುವ ಕೋಶ ಬೇರೆ, ಸಕ್ಕರೆ ಸಾಗಿಸುವ ಕೋಶ ಬೇರೆ, ಆ ಸಕ್ಕರೆಯನ್ನು ಕೂಡಿಟ್ಟುಕೊಳ್ಳುವ ಕೋಶ ಬೇರೆ, ಹೊರಗೆ ಮೇಣ ಹೊದೆಸುವ ಸಿಪ್ಪೆಯ ಕೋಶ ಬೇರೆ. ಎಲ್ಲದರ ಒಳಗಿರುವ ಡಿಎನ್‌ಎ ಒಂದೇ. ಯಾವ ಜೀನ್ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಅನ್ನುವುದರಲ್ಲಿ ವ್ಯತ್ಯಾಸ.

ಕೆಲವು ಕೋಶಗಳು ಕೆಲಸಕ್ಕಾಗಿ ಎಲ್ಲವನ್ನೂ ಬಿಟ್ಟುಬಿಡುತ್ತವೆ. ನೀರಿನ ಕೊಳವೆಯ ಕೋಶ ಗೋಡೆ ಗಟ್ಟಿ ಮಾಡಿಕೊಂಡು ಸಾಯುತ್ತದೆ. ಸತ್ತು ಒಳಗೆ ಖಾಲಿಯಾದ ಮೇಲೇ ನೀರು ಸರಾಗವಾಗಿ ಹರಿಯುವುದು. ಸಕ್ಕರೆ ಸಾಗಿಸುವ ಕೋಶ ಬದುಕಿರುತ್ತದೆ, ಆದರೆ ತನ್ನ ಕೋಶಕೇಂದ್ರವನ್ನು ಕಳೆದುಕೊಂಡಿರುತ್ತದೆ. ಪಕ್ಕದ ಕೋಶ ಅದನ್ನು ನೋಡಿಕೊಳ್ಳುತ್ತದೆ. ನಮ್ಮ ರಕ್ತದ ಕೆಂಪು ಕಣಕ್ಕೂ ಕೋಶಕೇಂದ್ರ ಇಲ್ಲ. ಇಂಥವು ಮತ್ತೆ ಒಡೆದು ಇನ್ನೊಂದನ್ನು ಹುಟ್ಟಿಸಲಾರವು.

ಎಲ್ಲ ಕೋಶವೂ ಹೀಗೆ ಕೆಲಸ ಹಿಡಿದರೆ ಗಿಡ ಬೆಳೆಯುವುದು ಹೇಗೆ? ಅದಕ್ಕೇ ಕೆಲವು ಜಾಗದಲ್ಲಿ ಕೆಲಸ ಹಿಡಿಯದ ಕೋಶಗಳು ಉಳಿದಿರುತ್ತವೆ. ಅವು ಒಡೆದಾಗ ಒಂದಷ್ಟು ಹಾಗೇ ಉಳಿಯುತ್ತವೆ, ಇನ್ನೊಂದಷ್ಟು ಕೆಲಸಕ್ಕೆ ಹೋಗುತ್ತವೆ. ಪ್ರಾಣಿಗಳಲ್ಲಿ ಇವನ್ನು ಸ್ಟೆಮ್ ಸೆಲ್ ಅಥವಾ ಆಕರಕೋಶ ಎನ್ನುತ್ತಾರೆ. ಗಿಡದ ಪಾಠದಲ್ಲಿ ಬರುವ ವರ್ಧನ ಅಂಗಾಂಶದ ನಡುವೆ ಇರುವುದೂ ಇಂಥ ಆಕರಕೋಶಗಳೇ. ಸುಳಿಯ ತುದಿ, ಬೇರಿನ ತುದಿ, ಎಲೆ ಬುಡದ ಕಣ್ಣು, ಸಿಪ್ಪೆಗೂ ಕಟ್ಟಿಗೆಗೂ ನಡುವೆ ಇರುವ ಜಾರುವ ಪದರ. ಈ ಜಾಗಗಳನ್ನು ಕಣ್ಣಲ್ಲಿ ಗುರುತಿಸಲು ಬಂದರೆ ಅರ್ಧ ಕೆಲಸ ಮುಗಿಯಿತು.

ಒಂಟಿ ಕಣ್ಣಿನ ಕಬ್ಬು

ಒಂದು ಕಬ್ಬಿನ ಜಲ್ಲೆ ತೆಗೆದುಕೊಳ್ಳಿ. ಸೋಗೆ ಸುಲಿದು ಗಿಣ್ಣನ್ನು ಹತ್ತಿರದಿಂದ ನೋಡಿ. ಒಂದು ಕಣ್ಣು ಎಡಕ್ಕಿದ್ದರೆ ಮೇಲಿನ ಗಿಣ್ಣಿನದ್ದು ಬಲಕ್ಕೆ, ಹೀಗೆ ಎರಡು ಸಾಲು. ಎಲೆ ಕಳಚಿದ ಗುರುತಿನ ಮೇಲೇ ಕಣ್ಣು ಕೂತಿರುತ್ತದೆ. ಅದೇ ಮಟ್ಟದಲ್ಲಿ ಗಿಣ್ಣಿನ ಸುತ್ತ ಸಣ್ಣ ಸಣ್ಣ ಚುಕ್ಕೆ ಕಾಣುತ್ತವೆ, ಎರಡು ಮೂರು ಸಾಲು. ಅವು ಮುಂದೆ ಬೇರಾಗುವ ಜಾಗ. ಅದರ ಮೇಲೆ, ಬೇರೆ ಬಣ್ಣದ ತೆಳು ಪಟ್ಟಿ ಒಂದಿದೆ. ಗಾಳಿಗೆ ಮಲಗಿದ ಕಬ್ಬು ಮತ್ತೆ ತಲೆ ಎತ್ತುತ್ತದಲ್ಲ, ಅದು ಈ ಪಟ್ಟಿಯ ಕೆಲಸ. ನೆಲದ ಕಡೆ ಇರುವ ಭಾಗ ಜಾಸ್ತಿ ಬೆಳೆದು ಜಲ್ಲೆಯನ್ನು ಮೇಲಕ್ಕೆ ಬಗ್ಗಿಸುತ್ತದೆ.

ಅಂದರೆ ಒಂದು ಗಿಣ್ಣಿನಲ್ಲಿ ಕಾಂಡ ಆಗುವುದೂ ಇದೆ, ಬೇರು ಆಗುವುದೂ ಇದೆ, ಅವಕ್ಕೆ ಬೇಕಾದ ಸಕ್ಕರೆಯೂ ಪಕ್ಕದಲ್ಲೇ ಇದೆ. ಒಂದು ಸಸಿಗೆ ಇಷ್ಟು ಸಾಕು. ಹಳೇ ಪದ್ಧತಿಯಲ್ಲಿ ಮೂರು ಕಣ್ಣಿನ ತುಂಡು ಹಾಕಲು ಎಕರೆಗೆ 3–4 ಟನ್ ಬಿತ್ತನೆ ಕಬ್ಬು ಹೋಗುತ್ತದೆ. 5 ಅಡಿ ಸಾಲು, 2 ಅಡಿ ಅಂತರದಲ್ಲಿ ಸಸಿ ನೆಟ್ಟರೆ ಎಕರೆಗೆ 4,356 ಸಸಿ ಹಿಡಿಯುತ್ತವೆ. ಸಾಯುವುದಕ್ಕೆ, ತುಂಬುವುದಕ್ಕೆ ಅಂತ 5,000 ಇಟ್ಟುಕೊಂಡರೆ ಆಯಿತು.

ಬಿತ್ತನೆ ಕಬ್ಬು ಏಳೆಂಟು ತಿಂಗಳದ್ದಾಗಿರಲಿ. ಕಾರ್ಖಾನೆಗೆ ಕಡಿಯುವಷ್ಟು ಬಲಿತದ್ದು ಬೇಡ. ಬುಡದ ಕಡೆ ಸಿಹಿ ಜಾಸ್ತಿ, ಆದರೆ ಕಣ್ಣು ಬಲಿತು ಗಟ್ಟಿಯಾಗಿರುತ್ತದೆ, ಮೊಳೆಯುವುದು ನಿಧಾನ. ಮೇಲಿನ ಭಾಗದಲ್ಲಿ ನೀರಿನಂಶ ಜಾಸ್ತಿ, ಬೇಗ ಕರಗಿ ಬಳಕೆಗೆ ಸಿಗುವ ಗ್ಲೂಕೋಸ್ ಜಾಸ್ತಿ. ಅದಕ್ಕೆ ತಿನ್ನುವುದಕ್ಕೆ ಬುಡ, ನೆಡುವುದಕ್ಕೆ ತಲೆ. ತೀರಾ ತುದಿಯ ಎಳೇ ಗಿಣ್ಣು ಬಿಟ್ಟುಬಿಡಿ.

ಕಡಿಯುವ ಮುಂಚೆ ಕೆಲವು ಜಲ್ಲೆಗಳನ್ನು ಉದ್ದಕ್ಕೆ ಸೀಳಿ ನೋಡಿ. ಒಳಗೆ ಕೆಂಪಾಗಿ, ನಡುನಡುವೆ ಅಡ್ಡಕ್ಕೆ ಬಿಳಿ ಮಚ್ಚೆ ಇದ್ದು, ಹುಳಿ ವಾಸನೆ ಬಂದರೆ ಅದು ಕೆಂಪು ಕೊಳೆ ರೋಗ. ಆ ಗದ್ದೆಯ ಕಬ್ಬನ್ನೇ ಮುಟ್ಟಬೇಡಿ. ಸುಳಿಯಿಂದ ಕಪ್ಪು ಚಾಟಿ ಹೊರಟಿದ್ದರೆ ಕಾಡಿಗೆ ರೋಗ. ಅದೂ ಬೇಡ. ತುಂಡಿನಿಂದ ಗಿಡ ಮಾಡುವಾಗ ತಾಯಿಯ ರೋಗವೂ ಪುಕ್ಕಟೆ ಬರುತ್ತದೆ. ಬೀಜದಲ್ಲಿ ಎಷ್ಟೋ ರೋಗ ದಾಟುವುದಿಲ್ಲ, ತುಂಡಿನಲ್ಲಿ ಬಹುಪಾಲು ದಾಟುತ್ತವೆ. ನಾನು ಗುಣಮಟ್ಟ ಅಂತ ಹಟ ಮಾಡುವುದು ಇದೊಂದು ಕಡೆಯೇ. ಕಡಿಮೆ ರೇಟಿಗೆ ಸಿಕ್ಕಿತು ಅಂತ ಗೊತ್ತಿಲ್ಲದ ಗದ್ದೆಯ ಕಬ್ಬು ತರುವವರನ್ನು ಕಂಡರೆ ನನಗೆ ಕೋಪ ಬರುತ್ತದೆ.

ಕಣ್ಣು ತೆಗೆಯಲು ಕೈಯಲ್ಲಿ ಒತ್ತುವ ಸಣ್ಣ ಯಂತ್ರ ಸಿಗುತ್ತದೆ. ಅರ್ಧಚಂದ್ರದ ಬ್ಲೇಡ್ ಗಿಣ್ಣಿನ ಒಂದು ಚಿಪ್ಪನ್ನು ಕಣ್ಣು ಸಮೇತ ಎತ್ತುತ್ತದೆ. ಉಳಿದ ಜಲ್ಲೆ ಆಲೆಮನೆಗೆ ಹೋಗುತ್ತದೆ, ನಷ್ಟ ಇಲ್ಲ. ಯಂತ್ರ ಇಲ್ಲದಿದ್ದರೆ ಹರಿತವಾದ ಮಚ್ಚಿನಲ್ಲಿ ಗಿಣ್ಣಿನ ಮೇಲೆ ಕೆಳಗೆ ಸ್ವಲ್ಪ ಬಿಟ್ಟು ಒಂಟಿ ಕಣ್ಣಿನ ತುಂಡು ಮಾಡಿ. ಕಡಿಯುವಾಗ ಜಲ್ಲೆಯನ್ನು ತಿರುಗಿಸಿ, ಕಣ್ಣು ಪಕ್ಕಕ್ಕೆ ಬರುವಂತೆ ಹಿಡಿಯಬೇಕು. ಕೆಳಗೆ ಬಂದರೆ ದಿಮ್ಮಿಗೆ ಒತ್ತಿ ಕಣ್ಣು ಕೆಡುತ್ತದೆ. ನಮ್ಮತ್ತೆ ಹೊಸಬರಿಗೆ ಹೇಳುವುದು ಒಂದೇ ಮಾತು: "ಕೈ ಬೆಳ್ಳು ಹುಷಾರು ಕಣವ್ವ, ಆಮೇಕೆ ಕಬ್ಬಿನ್ ಕಣ್ಣು ಹುಷಾರು."

ಚಿಪ್ಪಿನಲ್ಲಿ ಕೂಡಿಟ್ಟ ಆಹಾರ ಕಡಿಮೆ, ಬೇಗ ಒಣಗುತ್ತದೆ. ತೆಗೆದ ದಿನವೇ ಟ್ರೇಗೆ ಹೋಗಬೇಕು. ಅದಕ್ಕೂ ಮುಂಚೆ ಲೀಟರ್ ನೀರಿಗೆ 1 ಗ್ರಾಂ ಕಾರ್ಬೆಂಡಜಿಮ್ ಹಾಕಿ 15 ನಿಮಿಷ ಅದ್ದಿ, ನೆರಳಿನಲ್ಲಿ ನೀರು ಆರಿಸಿ. ಕೈಗೆ ಗ್ಲೌಸ್ ಇರಲಿ. ಕಡಿದ ಗಾಯದಿಂದ ಒಳಗೆ ಹೋಗುವ ಒಂದು ಶಿಲೀಂಧ್ರ ಇದೆ. ಅದು ಹಿಡಿದ ತುಂಡು ಒಳಗೆ ಕೆಂಪಾಗಿ, ಆಮೇಲೆ ಕಪ್ಪಾಗಿ, ಹಣ್ಣಾದ ಅನಾನಸ್ ವಾಸನೆ ಹೊಡೆಯುತ್ತದೆ. ಟ್ರೇ ಹತ್ತಿರ ಹೋದಾಗ ಆ ವಾಸನೆ ಮೂಗಿಗೆ ಬಂದರೆ ಹುಡುಕಿ ಎಸೆಯಿರಿ. ಕಬ್ಬು ಹುಲ್ಲಿನ ಪೊದೆಯಂತಾಗುವ ಹುಲ್ಲುಜಡೆಯಂಥ ರೋಗಗಳ ಭಯ ಇದ್ದರೆ 50 ಡಿಗ್ರಿ ಬಿಸಿನೀರಿನಲ್ಲಿ 2 ಗಂಟೆ ಇಡುವ ಉಪಚಾರ ಇದೆ. ಆದರೆ ಒಲೆಯ ಮೇಲಿನ ಹಂಡೆಯಲ್ಲಿ ಅದು ಆಗುವ ಕೆಲಸ ಅಲ್ಲ. ಶಾಖ ಸ್ವಲ್ಪ ಏರಿದರೆ ಕಣ್ಣೇ ಬೆಂದುಹೋಗುತ್ತದೆ. ಸರಿಯಾದ ತೊಟ್ಟಿ ಇರುವ ಕಡೆ ಮಾಡಿಸಿ.

50 ಗುಣಿಯ ಟ್ರೇಗೆ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಮತ್ತು ಚೆನ್ನಾಗಿ ಕಳಿತ ಗೊಬ್ಬರ ಅರ್ಧ ತುಂಬಿ, ಕಣ್ಣು ಮೇಲ್ಮುಖವಾಗಿ ಸ್ವಲ್ಪ ಓರೆ ಇಟ್ಟು, ಮೇಲೆ ತೆಳುವಾಗಿ ಮುಚ್ಚಿ. ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ, ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿ. ಒಳಗೆ ಬೆಚ್ಚಗೆ, ತೇವವಾಗಿ ಇರುತ್ತದೆ. ಬಿಳಿ ಬೇರು, ಚೂಪಾದ ಮೊಳಕೆ ಕಾಣಿಸಿದ ತಕ್ಷಣ, ಬೇಸಿಗೆಯಲ್ಲಾದರೆ ವಾರದೊಳಗೆ, ಬಿಚ್ಚಿ ನೆರಳು ಪರದೆ ಕೆಳಗೆ ಹರಡಿ. ಧನುರ್ಮಾಸದ ಚಳಿಯಲ್ಲಿ ಇನ್ನೂ ಕೆಲವು ದಿನ ಕಾಯಬೇಕು. ಕಾಯುವಾಗ ದಿನಾ ಬಿಚ್ಚಿ ನೋಡುವ ಚಪಲ ಬೇಡ.

ಈಗ ಮುಖ್ಯ ವಿಷಯ. ಜಲ್ಲೆ ಗದ್ದೆಯಲ್ಲಿ ನಿಂತಿದ್ದಾಗ ಈ ಕಣ್ಣುಗಳು ಯಾಕೆ ಮೊಳೆಯಲಿಲ್ಲ? ಸುಳಿಯಲ್ಲಿ ತಯಾರಾಗುವ ಆಕ್ಸಿನ್ ಎಂಬ ಹಾರ್ಮೋನು ಕೆಳಕ್ಕೆ ಇಳಿಯುತ್ತಾ ಕೆಳಗಿನ ಕಣ್ಣುಗಳನ್ನು ತಡೆದಿರುತ್ತದೆ. ಸುಳಿ ಮುರಿದ ಕಬ್ಬಿನಲ್ಲಿ ಪಕ್ಕದ ಕಣ್ಣು ಚಿಗುರುವುದನ್ನು ನೀವೇ ನೋಡಿರುತ್ತೀರಿ. ಮೂರು ಕಣ್ಣಿನ ತುಂಡು ಹೂತರೆ ಅದರಲ್ಲೂ ಸುಳಿ ಕಡೆಯ ಕಣ್ಣು ಮೊದಲು ಎದ್ದು ಉಳಿದೆರಡನ್ನು ಹಿಂದೆ ಹಾಕುತ್ತದೆ. ಒಂಟಿ ಮಾಡಿದಾಗ ತಡೆಯುವವರೇ ಇರುವುದಿಲ್ಲ. ಹಾಗಾಗಿ ಟ್ರೇಯಲ್ಲಿ ಮೊಳಕೆ ಒಂದೇ ಸಮ ಬರುತ್ತದೆ.

ಮೊದಲು ಬರುವ ಬೇರು ಆ ಚುಕ್ಕೆಗಳದ್ದು, ತೆಳ್ಳಗೆ, ಕವಲು ಕವಲಾಗಿ ಇರುತ್ತದೆ. ಅದು ತಾತ್ಕಾಲಿಕ. ಆಮೇಲೆ ಹೊಸ ಮೊಳಕೆಯ ಬುಡದಿಂದಲೇ ದಪ್ಪ ಬಿಳಿ ಬೇರು ಹೊರಡುತ್ತದೆ. ನಾಟಿಗೆ ಸಸಿ ಆಗಿದೆಯಾ ಅಂತ ನೋಡಲು ಎಲೆ ಎಣಿಸುವುದರ ಜೊತೆಗೆ ಒಂದು ಸಸಿ ಕಿತ್ತು ಈ ದಪ್ಪ ಬೇರು ಬಂದಿದೆಯಾ ನೋಡಿ. ಸಾಮಾನ್ಯವಾಗಿ 25–35 ದಿನಕ್ಕೆ, ನಾಲ್ಕರಿಂದ ಆರು ಎಲೆ ಇದ್ದಾಗ ತಯಾರು. ನಾಟಿಗೆ ಮುಂಚಿನ ದಿನ ನೀರು ಕಡಿಮೆ ಮಾಡಿದರೆ ಬೇರು ಹಿಡಿದ ಹೆಂಟೆ ಒಡೆಯದೆ ಎದ್ದು ಬರುತ್ತದೆ.

ಕೂಳೆ ಕಬ್ಬೂ ಇದೇ ಲೆಕ್ಕ. ಕಡಿದ ಮೇಲೆ ನೆಲದೊಳಗಿನ ಗಿಣ್ಣಿನ ಕಣ್ಣು ಏಳುತ್ತವೆ. ನೆಲಮಟ್ಟಕ್ಕೆ ಕಡಿಯಿರಿ ಅನ್ನುವುದು ಅದಕ್ಕೇ. ಎತ್ತರಕ್ಕೆ ಕಡಿದರೆ ಮೇಲಿನ ಕಣ್ಣು ಚಿಗುರಿ ಬೇರು ಸಿಗದೆ ಬಡವಾಗುತ್ತದೆ.

ಮಲ್ಲಿಗೆ ಕಡ್ಡಿ

ಮಲ್ಲಿಗೆಯಲ್ಲಿ ಚಿಗುರಿಗೆ ಕಣ್ಣು ಇದೆ, ಬೇರಿಗೆ ಮಾತ್ರ ಕಬ್ಬಿನಂತೆ ಸಿದ್ಧ ಚುಕ್ಕೆ ಕಾಣುವುದಿಲ್ಲ. ಬೇರನ್ನು ಹೊಸದಾಗಿ ಹುಟ್ಟಿಸಬೇಕು. ಕಡ್ಡಿಯ ಸಿಪ್ಪೆಯನ್ನು ಉಗುರಿನಿಂದ ಸ್ವಲ್ಪ ಕೆರೆಯಿರಿ. ಹಸಿರು ಕಾಣುತ್ತದೆ, ಅದರಡಿ ಜಾರುವ ತೇವದ ಪದರ ಸಿಗುತ್ತದೆ. ಅದು ಕೇಂಬಿಯಂ. ಅಲ್ಲಿನ ಕೋಶಗಳು, ಅದರ ಹತ್ತಿರದ ಕೆಲವು ಮೆತ್ತನೆ ಕೋಶಗಳು, ಗಾಯವಾದಾಗ ಹಿಡಿದ ಕೆಲಸ ಬಿಟ್ಟು ಮತ್ತೆ ಒಡೆಯಲು ಶುರು ಮಾಡುತ್ತವೆ. ಗಿಡಗಳ ದೊಡ್ಡ ಗುಣ ಇದು. ಕೆಲಸ ಹಿಡಿದ ಕೋಶವೂ ಬದುಕಿದ್ದರೆ, ಕೋಶಕೇಂದ್ರ ಉಳಿದಿದ್ದರೆ, ಹಿಂದಕ್ಕೆ ಬರಬಲ್ಲದು. 1958ರಲ್ಲಿ ಎಫ್. ಸಿ. ಸ್ಟೀವರ್ಡ್ ಅಮೆರಿಕದಲ್ಲಿ ಗಜ್ಜರಿ ಗೆಡ್ಡೆಯ ಕೋಶಗಳನ್ನು ಪೋಷಕ ದ್ರವದಲ್ಲಿ ಬೆಳೆಸಿ ಇಡೀ ಗಜ್ಜರಿ ಗಿಡ ಮಾಡಿ ತೋರಿಸಿದ್ದು ಇದನ್ನೇ.

ಮಳೆಗಾಲ ಹಿಡಿದ ಮೇಲೆ ಮಾಡಿ. ತೀರಾ ಹಸಿರು ತುದಿಯೂ ಬೇಡ, ಬೂದು ಬಣ್ಣಕ್ಕೆ ಬಲಿತ ಕಟ್ಟಿಗೆಯೂ ಬೇಡ, ನಡುವಿನದು ಬೇಕು. ಗೇಣುದ್ದ, ಮೂರು ನಾಲ್ಕು ಗಿಣ್ಣು. ಕೆಳಗಿನ ಕತ್ತರಿ ಗಿಣ್ಣಿನ ಸ್ವಲ್ಪ ಕೆಳಗೆ ಓರೆಯಾಗಿ, ಮೇಲಿನದು ನೇರವಾಗಿ. ಓರೆ ಯಾಕೆ ಅಂದರೆ ಮುಖ್ಯವಾಗಿ ತಲೆ ಬುಡ ಅದಲು ಬದಲಾಗದಿರಲಿ ಅಂತ. ಆಕ್ಸಿನ್ ತುದಿಯಿಂದ ಬುಡಕ್ಕೆ ಹರಿದು ಅಲ್ಲಿ ಶೇಖರವಾಗುತ್ತದೆ, ಬೇರು ಅಲ್ಲೇ ಬರುತ್ತದೆ. ತಲೆಕೆಳಗೆ ಚುಚ್ಚಿದರೂ ಇದು ಬದಲಾಗುವುದಿಲ್ಲ. ಕಡ್ಡಿಗೆ ಭೂಮಿ ಯಾವ ಕಡೆ ಅಂತ ಗೊತ್ತಿಲ್ಲ, ತನ್ನ ಬುಡ ಯಾವುದು ಅನ್ನುವುದು ಮಾತ್ರ ಗೊತ್ತು.

ಅಂಗಡಿಯಲ್ಲಿ ಸಿಗುವ ಬೇರಿನ ಪುಡಿಯಲ್ಲಿ ಇರುವುದು ಐಬಿಎ, ಆಕ್ಸಿನ್ ಜಾತಿಯದೇ. ಬುಡವನ್ನು ಅದರಲ್ಲಿ ತಾಗಿಸಿ ಕೊಡವಿ. ಜಾಸ್ತಿ ಹಾಕಿದರೆ ಜಾಸ್ತಿ ಬೇರು ಅನ್ನುವ ಲೆಕ್ಕ ಇಲ್ಲ, ಬುಡ ಕಪ್ಪಾಗುತ್ತದೆ. ಕೆಳಗಿನ ಎಲೆ ತೆಗೆದು, ಮೇಲಿನ ಎಲೆ ಅರ್ಧ ಕತ್ತರಿಸಿ. ಬೇರು ಇಲ್ಲದ ಕಡ್ಡಿ ಸಾಕಷ್ಟು ನೀರು ಕುಡಿಯಲಾರದು, ಎಲೆ ಮಾತ್ರ ನೀರು ಬಿಡುತ್ತಲೇ ಇರುತ್ತದೆ. ಮರಳು ಮತ್ತು ಕೊಕೊಪೀಟ್‌ನಲ್ಲಿ ನೆಟ್ಟು ಮೇಲೆ ಪ್ಲಾಸ್ಟಿಕ್ ಹೊದಿಕೆ ಹಾಕಿ. ನಾಲ್ಕರಿಂದ ಆರು ವಾರ. ಚಿಗುರು ಬಂದ ಕೂಡಲೇ ಖುಷಿಪಡಬೇಡಿ. ಕಡ್ಡಿಯಲ್ಲಿದ್ದ ಆಹಾರದಲ್ಲೇ ಚಿಗುರು ಬರುತ್ತದೆ, ಬೇರು ಬರದೆ ಒಣಗುವುದೂ ಉಂಟು. ಮೆಲ್ಲಗೆ ಎಳೆದು ನೋಡಿ. ಹಿಡಿದುಕೊಂಡಿದ್ದರೆ ಬೇರಿದೆ.

ವೀಳ್ಯದೆಲೆ ಬಳ್ಳಿ ಇದಕ್ಕಿಂತ ಸುಲಭ. ಅಗಸೆ ಮರಕ್ಕೆ ಹಬ್ಬಿದ ಬಳ್ಳಿಯ ಗಿಣ್ಣಿನಲ್ಲೇ ಬೇರು ಹೊರಗೆ ಕಾಣುತ್ತದೆ, ಅದರಿಂದಲೇ ಅದು ಮರ ಹಿಡಿದಿರುವುದು. ಮೂರು ನಾಲ್ಕು ಗಿಣ್ಣಿನ ತುಂಡು ಹೂತು ತೇವ ಆರದಂತೆ ನೋಡಿಕೊಂಡರೆ ಸಾಕು. ಕರಿಬೇವಿನ ಬುಡದ ಸುತ್ತ ಏಳುವ ಮರಿಗಳು ಬೇರಿನಿಂದಲೇ ಹುಟ್ಟಿದವು, ಒಂದಿಷ್ಟು ಬೇರು ಸಮೇತ ಕಡಿದು ನೆಟ್ಟರೆ ಆಯಿತು.

ಬಾಳೆ, ಅದರಲ್ಲೂ ರಸಬಾಳೆ

ಬಾಳೆಯ ಕಾಂಡ ಅಂತ ನಾವು ಕರೆಯುವುದು ಎಲೆಯ ಬುಡಗಳು ಒಂದರೊಳಗೊಂದು ಸುತ್ತಿದ ಪಟ್ಟೆ. ನಿಜವಾದ ಕಾಂಡ ಮಣ್ಣಿನೊಳಗಿನ ಗೆಡ್ಡೆ. ಬೆಳೆಯುವ ಸುಳಿ ಬಹುಕಾಲ ಅಲ್ಲೇ ನೆಲಮಟ್ಟದಲ್ಲಿ ಕೂತಿರುತ್ತದೆ. ಗೊನೆ ಹಾಕುವ ಕಾಲಕ್ಕೆ ಆ ಸುಳಿಯೇ ಹೂವಾಗಿ ಬದಲಾಗಿ ಪಟ್ಟೆಯ ನಡುವಿನಿಂದ ಮೇಲೇರಿ ಬರುತ್ತದೆ. ಇದನ್ನು ಸ್ವಲ್ಪ ಯೋಚಿಸಿ ನೋಡಿ. ಕೆಲಸ ಹಿಡಿಯದೆ ಉಳಿದಿದ್ದ ಗುಂಪೇ ಹೂವಿನ ಕೆಲಸ ಹಿಡಿದುಬಿಟ್ಟಿತು. ಇನ್ನು ಎಲೆ ಹುಟ್ಟಿಸುವವರು ಯಾರೂ ಇಲ್ಲ. ಅದಕ್ಕೆ ಗೊನೆ ಕಡಿದ ಬಾಳೆ ಮತ್ತೆ ಗೊನೆ ಹಾಕುವುದಿಲ್ಲ, ಬುಡದಲ್ಲಿ ಏಳುವ ಮರಿ, ಅಂದರೆ ಕಂದು, ಮುಂದುವರಿಸಬೇಕು.

ಕಂದುಗಳಲ್ಲಿ ಎರಡು ಥರ. ಕತ್ತಿಯಂತೆ ಕಿರಿದಾದ ಎಲೆ ಇದ್ದು ಬುಡ ದಪ್ಪಗಿರುವುದು ಒಂದು, ಸಣ್ಣದರಲ್ಲೇ ಅಗಲ ಎಲೆ ಬಿಟ್ಟು ಬುಡ ಸಪೂರ ಇರುವುದು ಇನ್ನೊಂದು. ನೋಡಲು ಎರಡನೆಯದೇ ಚೆಂದ, ಗಿರಾಕಿಗಳು ಅದನ್ನೇ ಕೇಳುತ್ತಾರೆ. ನೆಡಬೇಕಾದ್ದು ಮೊದಲನೆಯದು. ತಾಯಿ ಗೆಡ್ಡೆಗೆ ಅದರ ಸಂಪರ್ಕ ಗಟ್ಟಿ, ಒಳಗೆ ಆಹಾರವೂ ಜಾಸ್ತಿ.

ಒಂದು ಕಂದಿನಿಂದ ಹಲವು ಸಸಿ ಬೇಕಾದರೆ ಹೀಗೆ ಮಾಡಿ. ಒಂದು, ಒಂದೂವರೆ ಕೆಜಿ ತೂಗುವ ಗೆಡ್ಡೆ ತೊಳೆದು, ಬೇರು ಸವರಿ, ಪಟ್ಟೆಯನ್ನು ಗೆಡ್ಡೆಯಿಂದ ಎರಡು ಬೆರಳು ಮೇಲಕ್ಕೆ ಕತ್ತರಿಸಿ. ಹೊರಗಿನ ಪಟ್ಟೆ ಒಂದೊಂದಾಗಿ ಸುಲಿದರೆ ಪ್ರತಿ ಪಟ್ಟೆಯ ಬುಡದಲ್ಲಿ ಒಂದು ಕಣ್ಣಿನ ಗುರುತು ಸಿಗುತ್ತದೆ. ನಡುವಿನ ಸುಳಿಯನ್ನು ಚಾಕುವಿನಿಂದ ಗುಳಿ ತೋಡಿ ತೆಗೆದು, ಗೆಡ್ಡೆಯ ತಲೆಯ ಮೇಲೆ ಅಡ್ಡ, ಉದ್ದ ಗೀರಿ. ಸುಳಿ ಹೋಯಿತು ಅಂದರೆ ತಡೆಯುವವರು ಹೋದರು, ಕಬ್ಬಿನಲ್ಲಿ ಆದಂತೆಯೇ. ಶಿಲೀಂಧ್ರನಾಶಕದಲ್ಲಿ ಅದ್ದಿ, ಕೊಕೊಪೀಟ್ ಅಥವಾ ಮರದ ಪುಡಿಯಲ್ಲಿ ಹೂತು ನೆರಳಿನಲ್ಲಿಡಿ. ಮೂರು ನಾಲ್ಕು ವಾರಕ್ಕೆ ಸುತ್ತಲೂ ಮೊಳಕೆ ಏಳುತ್ತವೆ. ಮೂರ್ನಾಲ್ಕು ಎಲೆ, ಸ್ವಂತ ಬೇರು ಬಂದ ಮೇಲೆ ಒಂದೊಂದನ್ನೇ ಬಿಡಿಸಿ ಪಾಕೆಟ್‌ಗೆ ಹಾಕಿ.

ಟಿಶ್ಯೂ ಕಲ್ಚರ್ ಸಸಿ ಅಂತ ಮಾರುವುದು ಇದರದ್ದೇ ಮುಂದಿನ ಹೆಜ್ಜೆ. ಸುಳಿಯ ಸಣ್ಣ ಚೂರನ್ನು ಸೂಕ್ಷ್ಮಜೀವಿ ಇಲ್ಲದ ಬಾಟಲಿಯಲ್ಲಿ ಬೆಳೆಸುತ್ತಾರೆ. 1957ರಲ್ಲಿ ಸ್ಕೂಗ್ ಮತ್ತು ಮಿಲ್ಲರ್ ಎಂಬ ವಿಜ್ಞಾನಿಗಳು ತೋರಿಸಿದ ಲೆಕ್ಕ ಇಲ್ಲಿ ಕೆಲಸಕ್ಕೆ ಬರುತ್ತದೆ: ಆಕ್ಸಿನ್ ಪ್ರಮಾಣ ಹೆಚ್ಚಿದ್ದರೆ ಬೇರು, ಸೈಟೋಕೈನಿನ್ ಎಂಬ ಇನ್ನೊಂದು ಹಾರ್ಮೋನು ಹೆಚ್ಚಿದ್ದರೆ ಚಿಗುರು, ಎರಡೂ ಹದವಾಗಿದ್ದರೆ ಬರೀ ಕೋಶದ ಮುದ್ದೆ. ತೀರಾ ತುದಿಯ ಚೂರಿನಲ್ಲಿ ವೈರಸ್ ಸಾಮಾನ್ಯವಾಗಿ ಇರುವುದಿಲ್ಲ ಅನ್ನುವುದು ಇನ್ನೊಂದು ಲಾಭ. 1952ರಲ್ಲಿ ಫ್ರಾನ್ಸಿನ ಮೊರೆಲ್ ಮತ್ತು ಮಾರ್ಟಿನ್ ರೋಗ ಹಿಡಿದ ಡೇಲಿಯಾದಿಂದ ಹೀಗೇ ವೈರಸ್ ಇಲ್ಲದ ಗಿಡ ತೆಗೆದಿದ್ದರು. ಮನೆಯಲ್ಲಿ ಕುಕ್ಕರ್ ಇಟ್ಟುಕೊಂಡು ಇದನ್ನು ಮಾಡಬಹುದು ಅಂತ ತೋರಿಸುವ ವಿಡಿಯೋಗಳಿವೆ. ಬೂಷ್ಟು ಬೆಳೆಸುವ ಆಸೆ ಇದ್ದರೆ ಮಾಡಿ.

ನಂಜನಗೂಡು ರಸಬಾಳೆಗೆ ಒಂದು ಮಾತು ಬೇರೆಯೇ ಹೇಳಬೇಕು. ಅದರ ಕೋಶದಲ್ಲಿ ವರ್ಣತಂತುಗಳು ಎರಡು ಗುಂಪಿನ ಬದಲು ಮೂರು ಗುಂಪಾಗಿವೆ. ಎರಡು ಪಾಲು ಸಮ ಹಂಚಲು ಆಗುವುದಿಲ್ಲ, ಹಾಗಾಗಿ ಬೀಜ ಕಟ್ಟುವುದಿಲ್ಲ. ಇಂದಿನ ರಸಬಾಳೆ ಎಲ್ಲವೂ ಕಂದಿನಿಂದ ಕಂದಿಗೆ ಬಂದದ್ದು. ಅದೇ ರುಚಿ, ಅದೇ ಘಮ ಉಳಿದಿರುವುದು ಅದರಿಂದ. ಸೊರಗು ರೋಗಕ್ಕೆ ಒಂದು ಬಿದ್ದರೆ ಎಲ್ಲವೂ ಬೀಳುವುದೂ ಅದರಿಂದಲೇ. ರೋಗದ ಶಿಲೀಂಧ್ರ ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯುತ್ತದೆ. ಕಳೆದ ಶತಮಾನದ ನಡುವಿನಲ್ಲಿ ಪ್ರಪಂಚದ ಮಾರುಕಟ್ಟೆ ಆಳುತ್ತಿದ್ದ ಗ್ರೋ ಮಿಶೆಲ್ ಬಾಳೆ ಇದೇ ಜಾತಿಯ ರೋಗಕ್ಕೆ ಮೂಲೆಗೆ ಸರಿಯಿತು. ರಸಬಾಳೆ ಕಂದು ತರುವಾಗ ಒಂದು ಗೆಡ್ಡೆಯನ್ನು ಅಡ್ಡ ಕೊಯ್ದು ನೋಡಿ. ಒಳಗೆ ಬೆಳ್ಳಗಿರಬೇಕು. ಕಂದು ಬಣ್ಣದ ಅಥವಾ ಕೆಂಪು ಚುಕ್ಕೆ, ಗೆರೆ ಕಂಡರೆ ಆ ತೋಟದಿಂದ ಒಂದೂ ತರಬೇಡಿ, ಆ ಚಾಕುವನ್ನೂ ತೊಳೆಯದೆ ಬೇರೆ ಗೆಡ್ಡೆಗೆ ತಾಗಿಸಬೇಡಿ.

ಬಾರದಿರುವುದು ಯಾಕೆ ಬಾರದು

ತೆಂಗಿಗೆ ಬೆಳೆಯುವ ಸುಳಿ ಒಂದೇ, ತಲೆಯ ಮೇಲೆ. ಪಕ್ಕದ ಕಣ್ಣುಗಳೆಲ್ಲ ಹೊಂಬಾಳೆಯ ಕೆಲಸಕ್ಕೆ ಮೀಸಲು. ಕೇಂಬಿಯಂ ಇಲ್ಲ. ಆದ್ದರಿಂದ ಕಡ್ಡಿ ಇಲ್ಲ, ಕಸಿ ಇಲ್ಲ, ಕಾಯಿಯೇ ಗತಿ. ಕೆಂಪು ಮೂತಿ ಹುಳ ಸುಳಿ ತಲುಪಿದರೆ ಇಡೀ ಮರ ಹೋಗುವುದೂ ಇದಕ್ಕೇ.

ಬರೀ ಎಲೆಯಿಂದ ಗಿಡ ಬರುತ್ತದಾ? ಕಾಡುಬಸಳೆಯಲ್ಲಿ ಬರುತ್ತದೆ. ಎಲೆಯಂಚಿನ ಕಚ್ಚುಗಳಲ್ಲಿ ಕೆಲಸ ಹಿಡಿಯದ ಕೋಶಗಳು ಉಳಿದಿರುತ್ತವೆ. ಒಂದು ಎಲೆಯನ್ನು ಒದ್ದೆ ಮಣ್ಣಿನ ಮೇಲೆ ಸುಮ್ನೆ ಇಟ್ಟರೆ ಅಂಚಿನಲ್ಲಿ ಸಾಲಾಗಿ ಮರಿಗಳು ಏಳುತ್ತವೆ. ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯದು ಇಲ್ಲ. ಆದರೆ ಫೆಬ್ರವರಿಯಲ್ಲಿ ಪುಟ್ಟ ಕುಂಡದಲ್ಲಿ ಹೃದಯದ ಆಕಾರದ ಒಂಟಿ ಎಲೆ ಮಾರುತ್ತಾರಲ್ಲ, ಹೋಯಾ, ಅದಕ್ಕೆ ಬೇರು ಬಂದಿರುತ್ತದೆ, ವರ್ಷಗಟ್ಟಲೆ ಹಸಿರಾಗಿಯೂ ಇರುತ್ತದೆ. ಗಿಣ್ಣಿನ ಚೂರು ಸೇರಿಲ್ಲದಿದ್ದರೆ ಅದು ಬಳ್ಳಿ ಆಗುವುದಿಲ್ಲ. ಕೊಳ್ಳುವಾಗ ತೊಟ್ಟಿನ ಬುಡ ನೋಡಿ.

ಪ್ರಾಣಿಗಳ ವಿಷಯಕ್ಕೆ ಬಂದರೆ, ಕೆರೆಯ ಎಲೆಗಳ ಅಡಿಯಲ್ಲಿ ಸಿಗುವ ಹೈಡ್ರಾ ಎಂಬ ಪುಟ್ಟ ಜೀವಿ ನಮ್ಮ ಕಬ್ಬಿನ ನೆಂಟ ಅನ್ನಬಹುದು. ಮೈತುಂಬ ಆಕರಕೋಶ, ಪಕ್ಕದಲ್ಲಿ ಮೊಗ್ಗು ಬಿಟ್ಟು ಮರಿ ಮಾಡುತ್ತದೆ. 1740ರ ದಶಕದಲ್ಲಿ ಏಬ್ರಹಾಂ ಟ್ರೆಂಬ್ಲಿ ಅದನ್ನು ತುಂಡು ಮಾಡಿ, ಒಂದೊಂದು ತುಂಡೂ ಇಡೀ ಹೈಡ್ರಾ ಆಗುವುದನ್ನು ನೋಡಿದರು. ಎರೆಹುಳುವನ್ನು ಎರಡು ಮಾಡಿದರೆ ಎರಡು ಎರೆಹುಳು ಆಗುತ್ತವೆ ಅನ್ನುವುದು ಮಾತ್ರ ಸುಳ್ಳು, ಗದ್ದೆಯಲ್ಲಿ ಮಕ್ಕಳು ಅದನ್ನು ಪರೀಕ್ಷಿಸಲು ಬಿಡಬೇಡಿ. ಹಲ್ಲಿ ಬಾಲ ಬೆಳೆಸಿಕೊಳ್ಳುತ್ತದೆ, ಅದೂ ಮೂಳೆಯ ಬದಲು ಮೃದ್ವಸ್ಥಿಯದ್ದು. ಬಿದ್ದ ಬಾಲ ಹಲ್ಲಿಯಾಗುವುದಿಲ್ಲ.

ನಮ್ಮಲ್ಲಿ ಆಕರಕೋಶ ಇದೆ, ಆದರೆ ಅದರ ಕೈ ಕಟ್ಟಿದೆ. ಮೂಳೆಯ ಮಜ್ಜೆಯದು ರಕ್ತದ ಕೋಶಗಳನ್ನು ಮಾಡುತ್ತದೆ, ಚರ್ಮದ್ದು ಚರ್ಮವನ್ನು. ಕೆಂಪು ಕಣದ ಆಯಸ್ಸು ಸುಮಾರು 120 ದಿನ, ಮಜ್ಜೆ ಬಿಡುವಿಲ್ಲದೆ ಹೊಸದನ್ನು ಕಳಿಸುತ್ತಿರುತ್ತದೆ. 1961ರಲ್ಲಿ ಕೆನಡಾದ ಟಿಲ್ ಮತ್ತು ಮೆಕಲಕ್ ಇಲಿಗಳಲ್ಲಿ ಮಜ್ಜೆಯ ಈ ಆಕರಕೋಶದ ಗುರುತು ಹಿಡಿದರು. ಕೆಲಸ ಹಿಡಿದ ಕೋಶವನ್ನು ಹಿಂದಕ್ಕೆ ಕರೆಯುವುದು ಪ್ರಾಣಿಗಳಲ್ಲಿ ಬಹಳ ಕಷ್ಟ. ಇಲಿಯ ಚರ್ಮದ ಕೋಶಕ್ಕೆ ನಾಲ್ಕು ಜೀನ್ ಸೇರಿಸಿ ಅದನ್ನು ಆಕರಕೋಶದಂತೆ ಮಾಡಿದ್ದು 2006ರಲ್ಲಿ, ಜಪಾನಿನ ಯಮನಕ. ಅದಕ್ಕೆ 2012ರಲ್ಲಿ, ಕಪ್ಪೆಗಳ ಮೇಲೆ ಕೆಲಸ ಮಾಡಿದ ಗರ್ಡನ್ ಜೊತೆ, ನೊಬೆಲ್ ಬಂತು. ಮಲ್ಲಿಗೆ ಕಡ್ಡಿ ಮರಳಿನಲ್ಲಿ ಕೂತು ಇಂಥದ್ದನ್ನೇ ತನ್ನಷ್ಟಕ್ಕೆ ಮಾಡುತ್ತಿರುತ್ತದೆ.

ಇದನ್ನು ಇಷ್ಟು ಬರೆಯಲು ಕಾರಣ ಇದೆ. ಮಂಡಿ ನೋವಿಗೆ, ಸಕ್ಕರೆ ಕಾಯಿಲೆಗೆ, ಮಕ್ಕಳ ಮಾತು ಬರುವುದಕ್ಕೆ ಸ್ಟೆಮ್ ಸೆಲ್ ಇಂಜೆಕ್ಷನ್ ಅಂತ ಹೇಳಿ ಲಕ್ಷಗಟ್ಟಲೆ ಕೇಳುವವರಿದ್ದಾರೆ. ನಮ್ಮ ನೆಂಟರೊಬ್ಬರ ಕೈಗೂ ಅಂಥ ಪಾಂಪ್ಲೆಟ್ ಬಂದಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಪ್ರಕಾರ ರಕ್ತಕ್ಕೆ ಸಂಬಂಧಿಸಿದ ಕೆಲವು ಕಾಯಿಲೆಗಳಿಗೆ ಮಾಡುವ ಮಜ್ಜೆ ಕಸಿಯಂಥ ಚಿಕಿತ್ಸೆ ಮಾತ್ರ ಒಪ್ಪಿತ. ಉಳಿದದ್ದನ್ನು ಅನುಮತಿ ಪಡೆದ ಪ್ರಯೋಗವಾಗಿ ಮಾತ್ರ ಮಾಡಬಹುದು. ಸೇಬಿನ ಸ್ಟೆಮ್ ಸೆಲ್ ಇರುವ ಮುಖದ ಕ್ರೀಮ್ ಬಗ್ಗೆ ಏನು ಹೇಳಲಿ? ಸೇಬಿನ ಆಕರಕೋಶಕ್ಕೆ ಸೇಬಿನ ಗಿಡ ಮಾಡುವುದು ಗೊತ್ತು, ಅದೂ ಬದುಕಿದ್ದರೆ.

ಬೀಜವೂ ಬೇಕು

ತುಂಡಿನಿಂದ ಬಂದ ಸಸಿ ತಾಯಿಯ ಪಡಿಯಚ್ಚು. ಹೊಸ ಗುಣ ಬೇಕಾದರೆ ಹೂವು, ಪರಾಗ, ಬೀಜದ ದಾರಿಗೇ ಹೋಗಬೇಕು. 1912ರಲ್ಲಿ ಕೊಯಮತ್ತೂರಿನಲ್ಲಿ ಕಬ್ಬಿನ ತಳಿ ಕೇಂದ್ರ ಶುರುವಾದದ್ದು ಅದಕ್ಕೆ. ಅಲ್ಲಿ ಕಬ್ಬು ಚೆನ್ನಾಗಿ ಹೂ ಬಿಡುತ್ತದೆ. ದಪ್ಪ ಸಿಹಿ ಕಬ್ಬಿಗೂ ಕಾಡು ಕಬ್ಬಿನ ಹುಲ್ಲಿಗೂ ಕೂಡಿಸಿ ತೆಗೆದ ಕೊ 205 ತಳಿ ಅಲ್ಲಿಂದ 1918ರಲ್ಲಿ ಹೊರಬಂತು. ನಮ್ಮ ಕಡೆ ಎಲ್ಲರ ಬಾಯಲ್ಲಿರುವ ಕೊ 62175, ಕೊ 86032 ಅಲ್ಲಿನವೇ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಿಂದ ವಿಸಿಎಫ್ 0517 ಬಂದಿದೆ. ಬೀಜದಿಂದ ಒಂದು ಒಳ್ಳೆಯ ಗಿಡ ಸಿಕ್ಕಿತು ಅಂದರೆ ಆಮೇಲೆ ಅದನ್ನು ಲಕ್ಷಾಂತರ ಮಾಡುವುದು ನಮ್ಮ ಕಣ್ಣುಗಳ ಕೆಲಸ. ಇಡೀ ಜಮೀನಿಗೆ ಒಂದೇ ತಳಿ ತುಂಬಬೇಡಿ, ಎರಡಾದರೂ ಇರಲಿ. ರೋಗ ಬಂದರೆ ಪೂರ್ತಿ ಕೈ ಖಾಲಿ ಆಗುವುದಿಲ್ಲ.

ಎರಡು ತಳಿ ಇಟ್ಟರೆ ಚೀಟಿ ಮರೆಯಬೇಡಿ. ಆರು ಎಲೆಯ ವಯಸ್ಸಿನಲ್ಲಿ ಎಲ್ಲ ತಳಿಯೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಪ್ರತಿ ಸಾಲಿನ ಮೊದಲ ಟ್ರೇಗೆ ತಳಿಯ ಹೆಸರು, ಯಾವ ಗದ್ದೆಯ ಕಬ್ಬು, ಕಣ್ಣು ತೆಗೆದ ದಿನ, ಇಷ್ಟನ್ನು ಬರೆದು ಸಿಗಿಸಿ. ಪೆನ್ಸಿಲ್‌ನಲ್ಲಿ ಬರೆಯಿರಿ, ಪೆನ್ನಿನ ಇಂಕು ನೀರಿಗೆ ಹೋಗುತ್ತದೆ.